ಮೊದಲು ಬಾವಿ ನೋಡಿ, ಆಮೇಲೆ ಬೋರ್ಡ್ ಹಾಕಿ: ಕರಾವಳಿಯ ಊರನ್ನು ಕೆಡಿಸದೆ ಪ್ರವಾಸಿ ತಾಣ ಮಾಡುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಕೊನೆಗೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಅಂಕೋಲಾ, ಹೊನ್ನಾವರ ಕಡೆಯ ಯಾವುದಾದರೂ ಸಮುದ್ರದಂಚಿನ ಊರಿಗೆ ಬನ್ನಿ. ಬೆಳಿಗ್ಗೆ ಆರಕ್ಕೆ ಬಾವಿಕಟ್ಟೆ ಹತ್ತಿರ ನಿಂತು ನೋಡಿ. ಹಗ್ಗ ಎಷ್ಟು ಆಳಕ್ಕೆ ಇಳಿಯುತ್ತದೆ? ಒಂದು ಕೊಡ ತುಂಬಲು ಎಷ್ಟು ಸಲ ಸೇದಬೇಕು? ಬಾಯಿಗೆ ಹಾಕಿದರೆ ಉಪ್ಪು ಹತ್ತುತ್ತದೆಯೇ? ಆ ಊರು ಎಷ್ಟು ಜನ ಪ್ರವಾಸಿಗರನ್ನು ತಡೆದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಅಲ್ಲೇ ಅರ್ಧ ಉತ್ತರ ಸಿಗುತ್ತದೆ.

ನಾನು ಅಘನಾಶಿನಿ ನದಿಯ ಅಳಿವೆ ಪಕ್ಕದ ಊರಿನವನು. ಮೊದಲೆಲ್ಲ ನಮ್ಮಲ್ಲಿಗೆ ಹೊರಗಿನವರು ಬರುತ್ತಿದ್ದದ್ದೇ ಅಪರೂಪ. ಬಂದವರಿಗೆ ಚಹಾ ಕೊಟ್ಟು, ದಾರಿ ತೋರಿಸಿ ಕಳಿಸುತ್ತಿದ್ದೆವು. ಆಮೇಲೆ ನಮ್ಮ ಕೇರಿಯ ಮೇಲಿನ ತೋಟದಲ್ಲಿ ಒಂದು ವಸತಿಗೃಹ ಎದ್ದಿತು. ಎರಡು ಬೋರ್‌ವೆಲ್ ಕೊರೆದರು. ಮೂರನೇ ಬೇಸಿಗೆಗೆ ಅಮ್ಮ ಹೇಳಿದಳು, "ಈ ನೀರಲ್ಲಿ ಬೇಳೆ ಬೇಯ್ತಾ ಇಲ್ಲ." ಬಾವಿಗೆ ಉಪ್ಪು ನುಗ್ಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಲೆಕ್ಕ ಹಾಕಲಿಲ್ಲ, ಅಷ್ಟೇ. ಪಂಚಾಯತಿಯಲ್ಲೂ ಹಾಕಲಿಲ್ಲ, ನಾವೂ ಕೇಳಲಿಲ್ಲ.

ಅಲ್ಲಿಂದ ಈಚೆಗೆ ಊರಿನ ಸಮಿತಿಯಲ್ಲಿ ಕೂತು ಕಲಿತದ್ದನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಪಂಚಾಯತಿ ಸದಸ್ಯರಿಗೆ, ಹೋಂಸ್ಟೇ ನಡೆಸುವವರಿಗೆ, ದೋಣಿಯವರಿಗೆ, ಸಂಜೀವಿನಿ ಒಕ್ಕೂಟದ ಹೆಂಗಸರಿಗೆ ಇದು ಉಪಯೋಗಕ್ಕೆ ಬರಬೇಕು ಎಂಬುದು ನನ್ನ ಆಸೆ. ನನ್ನ ಮಾತಿನ ತಿರುಳು ಒಂದೇ: ಊರಿನ ಮಿತಿಯನ್ನು ಮೊದಲು ಗೊತ್ತುಮಾಡಿ, ಆಮೇಲೆ ಜನರನ್ನು ಕರೆಯಿರಿ. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ಉಲ್ಟಾ. ಮೊದಲು ಬೋರ್ಡ್, ಆಮೇಲೆ ರಸ್ತೆ, ಆಮೇಲೆ ಅಂಗಡಿ, ಕೊನೆಗೆ ಶೌಚಾಲಯದ ಮಾತು.

ವಿಶ್ವಸಂಸ್ಥೆಯ ಪ್ರವಾಸೋದ್ಯಮ ಮತ್ತು ಪರಿಸರ ವಿಭಾಗಗಳು 2005ರಲ್ಲಿ ಸುಸ್ಥಿರ ಪ್ರವಾಸೋದ್ಯಮಕ್ಕೆ ಒಂದು ಅರ್ಥ ಕೊಟ್ಟಿವೆ. ಸರಳವಾಗಿ ಹೇಳಿದರೆ ಹೀಗೆ: ಇವತ್ತಿನ ಮತ್ತು ನಾಳಿನ ಆದಾಯ, ಜನಜೀವನ, ಪರಿಸರ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬರುವವರು, ವ್ಯಾಪಾರ ಮಾಡುವವರು, ಜಾಗ ಮತ್ತು ಊರಿನವರು, ಈ ನಾಲ್ಕರ ಅಗತ್ಯವನ್ನೂ ನೋಡಬೇಕು. ನಮ್ಮ ಕಡೆ ಮೊದಲ ಎರಡನ್ನು ನೋಡುವವರು ಬೇಕಾದಷ್ಟು ಜನ ಇದ್ದಾರೆ. ಕೊನೆಯ ಎರಡನ್ನು ಊರಿನವರೇ ನೋಡಿಕೊಳ್ಳಬೇಕು.

ಹಂತ 1: ಯಾರು ಯಾರು ಕೂರಬೇಕು

ಗ್ರಾಮಸಭೆಯಲ್ಲಿ ವಿಷಯ ಇಟ್ಟು, ಹತ್ತು ಹನ್ನೆರಡು ಜನರ ಸಮಿತಿ ಮಾಡಿ. ಹೆಸರು ಏನಾದರೂ ಇರಲಿ, ನಡಾವಳಿ ಪುಸ್ತಕದಲ್ಲಿ ಠರಾವು ಇರಬೇಕು. ಬಾಯಿಮಾತಿನ ಸಮಿತಿ ಮೊದಲ ಜಗಳಕ್ಕೇ ಮುರಿದು ಬೀಳುತ್ತದೆ.

ಸಮಿತಿ ಅಂದ ಕೂಡಲೇ ಅಂಗಡಿಯವರು, ಹೋಂಸ್ಟೇಯವರು, ಜೀಪಿನವರು ಬರುತ್ತಾರೆ. ಬರಲಿ, ತಪ್ಪೇನಿಲ್ಲ. ಆದರೆ ಇಳಿತದ ಹೊತ್ತಿಗೆ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರು ಬರುವುದಿಲ್ಲ. ಅವರು ಸಭೆಗೆ ಬಂದರೆ ಆ ದಿನದ ದುಡಿಮೆ ಹೋಗುತ್ತದೆ. ರಂಪಣಿ ಬಲೆ ಎಳೆಯುವವರು, ಮೀನು ಒಣಗಿಸುವವರು, ಅಳಿವೆಯಂಚಿನ ಉಪ್ಪುನೆಲದ ಗಜನಿ ಗದ್ದೆ ಮಾಡುವವರು ಸಹ ಹಾಗೆಯೇ. ಸಮುದ್ರ ತೀರ ನಿಜವಾಗಿ ಅವರ ಕೆಲಸದ ಜಾಗ. ಅದಕ್ಕೇ ಸಭೆಯ ಹೊತ್ತನ್ನು ಪಂಚಾಂಗ ನೋಡಿ, ಭರತ ಇಳಿತ ನೋಡಿ ಇಡಿ. ಸಂಜೆ ಇಡಿ. ಅವರ ಅಂಗಳದಲ್ಲೇ ಇಡಿ. ನಾವು ಮೊದಲ ಮೂರು ಸಭೆಗಳನ್ನು ಪಂಚಾಯತಿ ಕಟ್ಟಡದಲ್ಲಿ ಮಾಡಿದೆವು, ಹೆಂಗಸರು ಇಬ್ಬರೇ ಇದ್ದರು. ನಾಲ್ಕನೆಯದನ್ನು ಮೀನು ಒಣಗಿಸುವ ಅಂಗಳದಲ್ಲಿ ಮಾಡಿದಾಗ ಕೂರಲು ಚಾಪೆ ಸಾಲಲಿಲ್ಲ.

ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ನಿಮ್ಮಲ್ಲಿ ಅದು ಕಾಗದದ ಮೇಲೆ ಮಾತ್ರ ಇದ್ದರೆ ಎಬ್ಬಿಸಿ. ಅದರ ಒಬ್ಬ ಸದಸ್ಯರು ಇಲ್ಲಿಗೂ ಬೇಕು. ಘಟ್ಟದ ಮೇಲಾದರೆ ಗ್ರಾಮ ಅರಣ್ಯ ಸಮಿತಿಯವರು ಬೇಕು. ಪಿಡಿಒ, ಅರಣ್ಯ ರಕ್ಷಕರು ಮತ್ತು ಒಬ್ಬ ಶಾಲಾ ಮಾಸ್ತರು ಅಥವಾ ಟೀಚರ್ ಇದ್ದರೆ ಮುಂದಿನ ಕೆಲಸ ಹಗುರ.

ಹಂತ 2: ನಡೆದು ಬರೆಯುವ ನಕ್ಷೆ

ಕಂಪ್ಯೂಟರಿನ ನಕ್ಷೆ ಆಮೇಲೆ ನೋಡೋಣ. ಮೊದಲು ದೊಡ್ಡ ಡ್ರಾಯಿಂಗ್ ಹಾಳೆ, ಮೂರು ಬಣ್ಣದ ಪೆನ್ಸಿಲ್ ಹಿಡಿದು ಊರಿನ ಹಿರಿಯರ ಜೊತೆ ತೀರದುದ್ದಕ್ಕೂ ನಡೆಯಿರಿ. ಎರಡು ಸಲ ನಡೆಯಬೇಕು. ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಜುಲೈ ಮಳೆಯಲ್ಲಿ. ಬೇಸಿಗೆಯಲ್ಲಿ ಚಂದದ ಬಯಲಾಗಿ ಕಂಡ ಜಾಗದಲ್ಲಿ ಮಳೆಗಾಲಕ್ಕೆ ಸೊಂಟದವರೆಗೆ ನೀರು ನಿಲ್ಲುವುದುಂಟು.

ಕೆಂಪು ಬಣ್ಣ ಅಂದರೆ ಇಲ್ಲಿ ಪ್ರವಾಸಿ ಚಟುವಟಿಕೆ ಬೇಡವೇ ಬೇಡ. ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ಸಾಲು, ಕಡಲಾಮೆ ಮೊಟ್ಟೆ ಇಡುವ ಮರಳು, ಬಳಚಿನ ಹಾಸು, ದೇವರಕಾಡು, ಭೂತದ ಬನ, ಸುಡುಗಾಡು, ಕುಸಿಯುವ ಗುಡ್ಡದ ಬುಡ. ಹಳದಿ ಅಂದರೆ ಹೊತ್ತು ನೋಡಿ, ಜನ ಎಣಿಸಿ, ಊರಿನವರು ಜೊತೆಗಿದ್ದು ಕರೆದೊಯ್ಯುವ ಜಾಗ. ಹಸಿರು ಅಂದರೆ ಬಂದವರು ಆರಾಮಾಗಿ ಓಡಾಡಬಹುದು. ಹಸಿರು ಭಾಗ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಿರುತ್ತದೆ. ಅದಕ್ಕೆ ಬೇಸರ ಬೇಡ.

ಕಡಲಾಮೆ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಜಿಲ್ಲೆಯ ತೀರಕ್ಕೆ ಚಳಿಗಾಲದಿಂದ ಬೇಸಿಗೆ ಶುರುವಿನವರೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಮೊಟ್ಟೆ ಒಡೆಯಲು ಸುಮಾರು 45ರಿಂದ 60 ದಿನ ಬೇಕು. ಮರಿಗಳು ರಾತ್ರಿ ಹೊರಗೆ ಬಂದಾಗ ಎಲ್ಲಿ ಬೆಳಕು ಜಾಸ್ತಿಯೋ ಆ ಕಡೆ ಹೋಗುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಸಮುದ್ರದ್ದು. ದಡದಲ್ಲಿ ದೊಡ್ಡ ಲೈಟ್ ಹಾಕಿದರೆ ಮರಿಗಳು ರಸ್ತೆಯ ಕಡೆ ನಡೆಯುತ್ತವೆ. ಪ್ರವಾಸಿಗರ ಸೀಸನ್ನೂ ಆಮೆಗಳ ಸೀಸನ್ನೂ ಒಂದೇ. ಹಾಗಾಗಿ ತೀರದ ದೀಪಗಳು ಭೂಮಿಯ ಕಡೆ ಮುಖ ಮಾಡಿರಬೇಕು, ತಗ್ಗಿನಲ್ಲಿರಬೇಕು, ರಾತ್ರಿ ಹತ್ತಕ್ಕೆ ಆರಬೇಕು. ಮರಳ ಮೇಲೆ ಜೀಪು, ಬೈಕು ಓಡಿಸಲು ಬಿಡಬಾರದು. ಈ ಆಮೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವಿ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಇನ್ನೊಂದು ಮಾತು. ನಕ್ಷೆಯನ್ನು ನಿಮ್ಮ ಪಂಚಾಯತಿ ಗಡಿಗೆ ನಿಲ್ಲಿಸಬೇಡಿ, ನದಿಯ ಜೊತೆ ಮೇಲಕ್ಕೆ ಹೋಗಿ. ಅಘನಾಶಿನಿ ಶಿರಸಿಯ ಹತ್ತಿರ ಹುಟ್ಟುತ್ತದೆ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ, ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ದೊಡ್ಡ ಅಣೆಕಟ್ಟು ಇಲ್ಲದೆ ಹರಿಯುವ ಹೊಳೆ ಇದು. ಮೇಲಿನ ಮಣ್ಣು, ಎಲೆ, ಸಿಹಿನೀರು ಬರುವುದರಿಂದಲೇ ಕೆಳಗೆ ಬಳಚು, ಸಿಗಡಿ, ಉಪ್ಪು ತಾಳುವ ಕಗ್ಗ ಭತ್ತ. ಈ ಅಳಿವೆಯ 4,801 ಹೆಕ್ಟೇರ್ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಉಂಚಳ್ಳಿ ನೋಡಲು ಬಂದವರು ಮೇಲೆ ಬಿಸಾಡಿದ ಬಾಟಲಿ ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಕಾಂಡ್ಲಾ ಬೇರಿಗೆ ಸಿಕ್ಕಿಕೊಂಡಿರುತ್ತದೆ. ಹಾಗಿದ್ದ ಮೇಲೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದೇ ಮೇಜು ಬೇಕು, ಅಲ್ವಾ? ವರ್ಷಕ್ಕೆ ಎರಡು ಸಲವಾದರೂ ನದಿಯುದ್ದದ ಪಂಚಾಯತಿಗಳು ಕೂಡಿ ಮಾತಾಡಬೇಕು.

ಹಂತ 3: ಎಷ್ಟು ಜನ? ಕಾಗದ, ಪೆನ್ನು ತನ್ನಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ. ಒಂದು ಜಾಗ ಎಷ್ಟು ಜನರನ್ನು ತಡೆದುಕೊಳ್ಳುತ್ತದೆ ಎಂಬುದಕ್ಕೆ ಧಾರಣಾ ಸಾಮರ್ಥ್ಯ ಎನ್ನುತ್ತಾರೆ, ಹೆದರಿಕೆಯಾಗುವ ಶಬ್ದ. ಒಳಗಿರುವುದು ಏಳನೇ ತರಗತಿಯ ಗುಣಾಕಾರ.

ಕೋಸ್ಟರಿಕಾದಲ್ಲಿ ಕೆಲಸ ಮಾಡಿದ ಮಿಗೆಲ್ ಸಿಫ್ವೆಂತೆಸ್ 1992ರಲ್ಲಿ ಒಂದು ವಿಧಾನ ಕೊಟ್ಟರು. ಅದರಲ್ಲಿ ಮೂರು ಮೆಟ್ಟಿಲು. ಜಾಗ ಎಷ್ಟು ಜನರನ್ನು ಹಿಡಿಯುತ್ತದೆ? ನಿಜವಾದ ತೊಡಕುಗಳನ್ನು ಕಳೆದರೆ ಎಷ್ಟು? ನೋಡಿಕೊಳ್ಳುವ ಶಕ್ತಿ ನಮಗೆಷ್ಟಿದೆ? ಒಂದು ಉದಾಹರಣೆ ಮಾಡೋಣ. ಅಂಕಿಗಳೆಲ್ಲ ಲೆಕ್ಕ ಕಲಿಯಲು ಇಟ್ಟವು. ನಿಮ್ಮ ಊರಿನ ಅಂಕಿಯನ್ನು ನೀವು ಅಳೆದು ಹಾಕಿ.

ತೀರದ ಹಸಿರು ಭಾಗ 400 ಮೀಟರ್ ಉದ್ದ, 15 ಮೀಟರ್ ಅಗಲ ಎಂದುಕೊಳ್ಳಿ. ಒಟ್ಟು 6,000 ಚದರ ಮೀಟರ್. ಒಬ್ಬರಿಗೆ 10 ಚದರ ಮೀಟರ್ ಕೊಟ್ಟರೆ ಒಮ್ಮೆಗೆ 600 ಜನ. ತೀರ ದಿನಕ್ಕೆ ಹತ್ತು ತಾಸು ತೆರೆದಿರುತ್ತದೆ, ಒಬ್ಬರು ಎರಡೂವರೆ ತಾಸು ಇರುತ್ತಾರೆ. ಅಂದರೆ ದಿನಕ್ಕೆ ನಾಲ್ಕು ಸರದಿ, 2,400 ಜನ. ಹೆಚ್ಚಿನ ಯೋಜನಾ ವರದಿಗಳು ಇಲ್ಲಿಗೇ ನಿಂತುಬಿಡುತ್ತವೆ.

ಈಗ ಕಳೆಯುತ್ತ ಹೋಗಿ. ಹತ್ತು ತಾಸಿನಲ್ಲಿ ಮೂರು ತಾಸು ಭರತ ಏರಿ ಮರಳು ಮುಚ್ಚುತ್ತದೆ, ಉಳಿದದ್ದು 0.7. ತೀರದ ಕಾಲು ಭಾಗದಲ್ಲಿ ದೋಣಿ ಎಳೆಯುತ್ತಾರೆ, ಬಲೆ ಹರಡುತ್ತಾರೆ, ಉಳಿದದ್ದು 0.75. 2,400ನ್ನು ಇವೆರಡರಿಂದ ಗುಣಿಸಿದರೆ 1,260.

ಮೂರನೆಯದು ನಮ್ಮ ಶಕ್ತಿ. ಇಷ್ಟು ಜನರನ್ನು ನೋಡಿಕೊಳ್ಳಲು ಜೀವರಕ್ಷಕರು, ಸ್ವಚ್ಛತೆಯವರು, ಪಾರ್ಕಿಂಗ್ ನೋಡುವವರು ಸೇರಿ ಹತ್ತು ಮಂದಿ ಬೇಕು, ಇರುವುದು ನಾಲ್ಕು ಎಂದುಕೊಳ್ಳಿ. 1,260ರ 0.4 ಅಂದರೆ 504.

ಇಲ್ಲಿಗೂ ಮುಗಿಯಲಿಲ್ಲ. ಪಾರ್ಕಿಂಗಿಗೆ 30 ಕಾರಿನ ಜಾಗ ಇದೆ. ಕಾರಿಗೆ ನಾಲ್ಕು ಜನ, ನಾಲ್ಕು ಸರದಿ, ಆಗ 480. ಇನ್ನು ನೀರು. ಊರಿನ ಬಳಕೆ ಕಳೆದು ಏಪ್ರಿಲ್‌ನಲ್ಲಿ ದಿನಕ್ಕೆ 8,000 ಲೀಟರ್ ಉಳಿಯುತ್ತದೆ ಎಂದುಕೊಳ್ಳಿ. ಹಗಲು ಬಂದು ಹೋಗುವವರಿಗೆ ತಲೆಗೆ 15 ಲೀಟರ್ ಹಿಡಿದರೆ 533 ಜನಕ್ಕೆ ಆಗುತ್ತದೆ. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಅದೇ ಊರಿನ ಹೋಂಸ್ಟೇಗಳಲ್ಲಿ 20 ಹಾಸಿಗೆ ತುಂಬಿದವು ಎನ್ನಿ. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಎಂಬುದು ಕೇಂದ್ರ ಸರ್ಕಾರದ ನೀರು ಪೂರೈಕೆ ಕೈಪಿಡಿಯ ಲೆಕ್ಕ. 20 ಹಾಸಿಗೆಗೆ 3,600 ಲೀಟರ್ ಹೋಯಿತು. ಉಳಿದ 4,400 ಲೀಟರ್ 293 ಜನಕ್ಕಷ್ಟೇ.

ಈಗ ಎಲ್ಲ ಅಂಕಿಗಳಲ್ಲಿ ತೀರಾ ಚಿಕ್ಕದನ್ನು ಹಿಡಿಯಿರಿ. ಡಿಸೆಂಬರಿಗೆ ಬಾವಿ ತುಂಬಿರುತ್ತದೆ, ಆಗ 480. ಏಪ್ರಿಲ್, ಮೇಗೆ 293, ಸುಮಾರು 290. ಎರಡು ಸಾವಿರದ ನಾಲ್ಕುನೂರು ಎಲ್ಲಿ, ಇನ್ನೂರ ತೊಂಬತ್ತು ಎಲ್ಲಿ! ನಾವು ನಮ್ಮ ತೀರಕ್ಕೆ ಈ ಲೆಕ್ಕ ಮಾಡಿ ಮುಗಿಸಿದ ಸಂಜೆ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಜಲ ಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಇಟ್ಟುಕೊಂಡಿದೆ. 180 ಎಲ್ಲಿ, 55 ಎಲ್ಲಿ? ಒಂದು ಹಾಸಿಗೆ ಹೆಚ್ಚಿಸುವುದೆಂದರೆ ಮೂರು ಜನರ ನೀರನ್ನು ಅದಕ್ಕೆ ಕೊಟ್ಟಂತೆ. ಹೊಸ ಹೋಂಸ್ಟೇ ಅರ್ಜಿ ಬಂದಾಗ ಸಮಿತಿಯಲ್ಲಿ ಈ ಮಾತನ್ನು ಜೋರಾಗಿ ಓದಿ ಹೇಳಬೇಕು.

ಮಿತಿ ಸಿಕ್ಕ ಮೇಲೆ ಕೆಲವರು, "ಪಾರ್ಕಿಂಗ್ ದೊಡ್ಡದು ಮಾಡೋಣ, ಆಗ ಜನ ಜಾಸ್ತಿ ಬರ್ತಾರೆ" ಅನ್ನುತ್ತಾರೆ. ನನ್ನ ಅಭಿಪ್ರಾಯ ಹೇಳುತ್ತೇನೆ. ಪಾರ್ಕಿಂಗ್ ಚಿಕ್ಕದಿರುವುದೇ ನಿಮ್ಮ ಕೈಯಲ್ಲಿರುವ ಒಳ್ಳೆಯ ಗೇಟು. ಅದನ್ನು ಹಾಗೇ ಬಿಡಿ. ತುಂಬಿದ ಮೇಲೆ ಹೆದ್ದಾರಿಯ ತಿರುವಿನಲ್ಲೇ "ಇವತ್ತು ಜಾಗ ತುಂಬಿದೆ" ಎಂಬ ಫಲಕ ನಿಲ್ಲಿಸಿ. ಒಳಗೆ ಬಂದ ಮೇಲೆ ವಾಪಸ್ ಕಳಿಸುವುದು ಜಗಳಕ್ಕೆ ದಾರಿ.

ಹಂತ 4: ಕಾನೂನು, ಪರವಾನಗಿ

ಸಿಆರ್‌ಝಡ್ ಎಂಬ ಕರಾವಳಿ ನಿಯಂತ್ರಣ ವಲಯದ ನಿಯಮ ಗೊತ್ತಿಲ್ಲದೆ ಒಂದು ಕಂಬವನ್ನೂ ನೆಡಬೇಡಿ. 2019ರ ಅಧಿಸೂಚನೆ ಪ್ರಕಾರ ಕಾಂಡ್ಲಾ, ಆಮೆ ಮೊಟ್ಟೆ ಇಡುವ ಜಾಗ, ಜೌಗು ಉಪ್ಪುನೆಲಗಳು ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತವೆ. ಹಳ್ಳಿ ಕಡೆಯ ತೀರದಲ್ಲಿ ಉಬ್ಬರದ ಗೆರೆಯಿಂದ ಕಟ್ಟಡ ನಿಷೇಧದ ಪಟ್ಟಿ ಇದೆ. ಜನಸಾಂದ್ರತೆ ತುಂಬಾ ಜಾಸ್ತಿ ಇರುವ ಕಡೆ 50 ಮೀಟರ್, ಉಳಿದ ಕಡೆ 200 ಮೀಟರ್. ನಮ್ಮ ಹೆಚ್ಚಿನ ಹಳ್ಳಿಗಳು ಎರಡನೆಯದರಲ್ಲಿ ಬರುತ್ತವೆ. ಉಬ್ಬರದ ಗೆರೆ ಎಲ್ಲಿದೆ ಎಂಬುದನ್ನು ಅಧಿಕೃತ ನಕ್ಷೆಯಲ್ಲಿ ನೋಡಬೇಕು. ಕಣ್ಣಂದಾಜು ನಡೆಯುವುದಿಲ್ಲ.

ಜಿಲ್ಲಾಧಿಕಾರಿ ಕಚೇರಿ, ಪ್ರವಾಸೋದ್ಯಮ ಇಲಾಖೆ, ಬಂದರು ಇಲಾಖೆ ಎಲ್ಲ ಕಾರವಾರದಲ್ಲಿವೆ. ಅರಣ್ಯ ಇಲಾಖೆಯ ಕೆನರಾ ವೃತ್ತದ ಕಚೇರಿ ಶಿರಸಿಯಲ್ಲಿದೆ. ಒಬ್ಬೊಬ್ಬರಾಗಿ ಹೋಗಿ ಬಸ್ಸಿನ ದುಡ್ಡು ಕಳೆಯುವ ಬದಲು ಪಿಡಿಒ ಮೂಲಕ ಒಂದೇ ಕಡತ ಮಾಡಿ: ಠರಾವಿನ ಪ್ರತಿ, ಮೂರು ಬಣ್ಣದ ನಕ್ಷೆ, ಮಿತಿಯ ಲೆಕ್ಕ. ನಮ್ಮ ಅನುಭವದಲ್ಲಿ ಲೆಕ್ಕ ಹಿಡಿದು ಹೋದ ಊರಿನ ಮಾತನ್ನು ಅಧಿಕಾರಿಗಳು ಕುಳಿತು ಕೇಳುತ್ತಾರೆ. ಹೋಂಸ್ಟೇ ನೋಂದಣಿ, ದೋಣಿಯ ಪರವಾನಗಿ ಮತ್ತು ವಿಮೆ, ತಿಂಡಿ ಅಂಗಡಿಯ ಆಹಾರ ಪರವಾನಗಿ ಇವನ್ನು ಸೀಸನ್ ಶುರುವಾಗುವ ಮೊದಲೇ, ಸೆಪ್ಟೆಂಬರ್ ಒಳಗೆ ಮುಗಿಸಿ.

ಹಂತ 5: ನೀರು, ಶೌಚಾಲಯ, ಕಸ

ಕರಾವಳಿಯ ಜಂಬಿಟ್ಟಿಗೆ ಮಣ್ಣು ನೀರನ್ನು ಬೇಗ ಒಳಗೆ ಬಿಡುತ್ತದೆ. ಶೌಚದ ಗುಂಡಿಯ ನೀರೂ ಹಾಗೆಯೇ ಬಾವಿಗೆ ಇಳಿಯುತ್ತದೆ. ಮರಳು ನೆಲದಲ್ಲಿ ಇನ್ನೂ ಬೇಗ. ಹಾಗಾಗಿ ತಳವಿಲ್ಲದ ಗುಂಡಿ ಬೇಡ. ತಳ ಕಟ್ಟಿದ ಸೆಪ್ಟಿಕ್ ಟ್ಯಾಂಕ್ ಮಾಡಿ, ಅದರ ನೀರನ್ನು ಕಲ್ಲು, ಮರಳು, ಕಾಬಾಳೆ ಗಿಡ ಇರುವ ತೊಟ್ಟಿಯಲ್ಲಿ ಹಾಯಿಸಿ ತೆಂಗಿಗೆ ಬಿಡಿ. ಬಾವಿಗಿಂತ ಇಳಿಜಾರಿನ ಕೆಳಗೆ, ಆದಷ್ಟು ದೂರ ಇರಲಿ. ಶೌಚಾಲಯ ಕಟ್ಟುವುದು ಸುಲಭ, ದಿನಾ ತೊಳೆಯುವುದು ಕಷ್ಟ. ಕಟ್ಟುವ ಮೊದಲೇ ತೊಳೆಯುವವರ ಸಂಬಳ ಎಲ್ಲಿಂದ ಎಂದು ಬರೆದಿಡಿ.

ಬೋರ್‌ವೆಲ್ ವಿಷಯದಲ್ಲಿ ನಾನು ಗಟ್ಟಿ. ಸಮುದ್ರದ ಹತ್ತಿರ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನ ಸಿಹಿ ಎಳೆದಷ್ಟೂ ಕೆಳಗಿನ ಉಪ್ಪು ಏರುತ್ತದೆ. ಒಮ್ಮೆ ಏರಿದರೆ ಒಂದು ಮಳೆಗಾಲಕ್ಕೆ ಸರಿಹೋಗುವುದಿಲ್ಲ. ಹತ್ತು ಅಡಿ ಆಳದ ತೆರೆದ ಬಾವಿ, ಚಾವಣಿಯ ಮಳೆನೀರು, ಕೆರೆಯ ಹೂಳು ತೆಗೆಯುವುದು, ಇವೇ ದಾರಿ. ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ತೀರದಲ್ಲಿ ಏಪ್ರಿಲಿಗೆ ಟ್ಯಾಂಕರ್ ಬರುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಕಸಕ್ಕೆ ಬರೋಣ. ತಿಂಡಿ ಕಸ ತೋಟದ ಗೊಬ್ಬರ ಗುಂಡಿಗೆ. ಪ್ಲಾಸ್ಟಿಕ್, ರಟ್ಟು ಪಂಚಾಯತಿಯ ಒಣಕಸ ಘಟಕಕ್ಕೆ. ತೀರದಲ್ಲಿ ದೊಡ್ಡ ತಲೆನೋವು ಬಿಯರ್ ಬಾಟಲಿಯ ಗಾಜು. ಬರಿಗಾಲಲ್ಲಿ ಬಲೆ ಎಳೆಯುವವರ ಕಾಲಿಗೆ ಅದು ಹೊಕ್ಕರೆ ಒಂದು ವಾರದ ದುಡಿಮೆ ಹೋಯಿತು. ಗಾಜು ಒಳಗೆ ಬೇಡವೇ ಬೇಡ. ಉಳಿದ ಬಾಟಲಿಗಳಿಗೆ ಬೋರ್ಡಿಗಿಂತ ಠೇವಣಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗೆ ಹೋಗುವಾಗ ಪ್ರತಿ ಬಾಟಲಿಗೆ ಸ್ಟಿಕರ್ ಹಚ್ಚಿ 20 ರೂಪಾಯಿ ಇಟ್ಟುಕೊಳ್ಳಿ, ತೋರಿಸಿ ಹೋಗುವಾಗ ವಾಪಸ್ ಕೊಡಿ. ಗಾಜು ಒಳಗೆ ಬೇಡವೇ ಬೇಡ. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ನಮ್ಮಲ್ಲಿ ಬಾಳೆಎಲೆಗೆ, ಹಾಳೆತಟ್ಟೆಗೆ ಏನು ಕಮ್ಮಿ? ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಹಾಳೆ ಇಲ್ಲಿ ತಟ್ಟೆಯಾದರೆ ಆ ದುಡ್ಡೂ ಜಿಲ್ಲೆಯಲ್ಲೇ ಉಳಿಯುತ್ತದೆ.

ಇದೆಲ್ಲ ನಮ್ಮಲ್ಲಿ ಆಗುವ ಮಾತಲ್ಲ ಅನ್ನುವವರಿಗೆ ಹೊನ್ನಾವರದ ಕಾಸರಕೋಡು ತೋರಿಸಿ. 2020ರಲ್ಲಿ ದೇಶದ ಎಂಟು ತೀರಗಳಿಗೆ ಒಟ್ಟಿಗೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಬಾವುಟ, ಸಿಕ್ಕಾಗ ಅದರಲ್ಲಿ ಕಾಸರಕೋಡೂ ಇತ್ತು. ಅದಕ್ಕೆ 33 ಅಳತೆಗಳಿವೆ. ನೀರಿನ ಪರೀಕ್ಷೆ, ಜೀವರಕ್ಷಕರು, ಶೌಚಾಲಯ, ಅಂಗವಿಕಲರಿಗೆ ದಾರಿ, ಮಾಹಿತಿ ಫಲಕ ಎಲ್ಲ ಸೇರಿ. ಆ ಬಾವುಟ ಒಮ್ಮೆ ಸಿಕ್ಕರೆ ಶಾಶ್ವತ ಅಲ್ಲ, ವರ್ಷವರ್ಷವೂ ಮತ್ತೆ ಗಳಿಸಬೇಕು. ನೀವು ಅರ್ಜಿ ಹಾಕದಿದ್ದರೂ ಆ 33ನ್ನು ಗೋಡೆಗೆ ಅಂಟಿಸಿ, ಆದದ್ದಕ್ಕೆ ಗುರುತು ಹಾಕುತ್ತ ಹೋಗಿ.

ಹಂತ 6: ಜೀವಕ್ಕಿಂತ ಯಾವುದೂ ದೊಡ್ಡದಲ್ಲ

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಕೇಳಿದ ರಾತ್ರಿ ನಮ್ಮ ಊರಲ್ಲಿ ಅನೇಕರಿಗೆ ಊಟ ಸೇರಲಿಲ್ಲ. ಬಯಲುಸೀಮೆಯಿಂದ ಬರುವ ಮಕ್ಕಳಿಗೆ ಸಮುದ್ರ ಹೊಸದು. ಅಲೆ ಕಂಡರೆ ಕುಣಿಯುತ್ತಾರೆ. ಅವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ. ಹೇಳುವ ಹೊಣೆ ನಮ್ಮದು.

ದಡದಿಂದ ಸಮುದ್ರದೊಳಕ್ಕೆ ಎಳೆಯುವ ಸೆಳೆತ ಇರುವ ಕಡೆ ಅಲೆ ಒಡೆಯುವುದಿಲ್ಲ, ನೀರು ಸುಮ್ಮನಿದ್ದಂತೆ ಕಾಣುತ್ತದೆ. ಅದಕ್ಕೇ ಹೊಸಬರು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ನೇರ ದಡದ ಕಡೆ ಈಜಬಾರದು, ಸುಸ್ತಾಗಿ ಮುಳುಗುತ್ತಾರೆ. ತೀರದ ಉದ್ದಕ್ಕೆ ಅಡ್ಡ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ಬರಬೇಕು. ಈ ನಾಲ್ಕು ಸಾಲನ್ನು ಚಿತ್ರದೊಂದಿಗೆ ಕನ್ನಡ, ಹಿಂದಿ, ಮರಾಠಿ, ತೆಲುಗು, ಇಂಗ್ಲಿಷಿನಲ್ಲಿ ಬರೆಸಿ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಕೆಂಪು ಬಾವುಟ ಅಂದರೆ ಅಪಾಯ, ಎರಡು ಕೆಂಪು ಬಾವುಟ ಅಂದರೆ ನೀರು ಬಂದ್.

ಜೀವರಕ್ಷಕರನ್ನು ಹೊರಗಿಂದ ತರಬೇಡಿ. ಅಂಬಿಗರು, ಹರಿಕಂತ್ರರು, ಖಾರ್ವಿಗಳ ಮನೆಯ ಹುಡುಗರು ಆ ನೀರಲ್ಲೇ ಬೆಳೆದವರು. ಅವರಿಗೆ ಬೇಕಿರುವುದು ಉಸಿರು ಕೊಡುವ ಪ್ರಥಮ ಚಿಕಿತ್ಸೆಯ ತರಬೇತಿ, ರಕ್ಷಣಾ ಟ್ಯೂಬ್, ಸರಿಯಾದ ಸಂಬಳ, ವಿಮೆ. ಶಾಲಾ ಬಸ್ಸು ಬಂದರೆ ಮಾಸ್ತರರ ಜೊತೆ ಮಾತಾಡಿ, ಮಕ್ಕಳನ್ನು ಎಣಿಸಿ, ಮೊಣಕಾಲಿನವರೆಗೆ ಮಾತ್ರ ಎಂದು ಹೇಳಿ ಕಳಿಸುವ ಪದ್ಧತಿ ಇಟ್ಟುಕೊಳ್ಳಿ.

ಘಟ್ಟದ ಮೇಲೆ ವಿಭೂತಿ, ಮಾಗೋಡು, ಸಾತೊಡ್ಡಿ ಜಲಪಾತಗಳ ಕಡೆಯ ಅಪಾಯ ಬೇರೆ ಥರ. ಬಿಸಿಲಿರುವಾಗಲೂ ಮೇಲೆ ಎಲ್ಲೋ ಮಳೆ ಬಿದ್ದು ಹೊಳೆ ಏರುತ್ತದೆ. ಅಲ್ಲಿ ಮೇಲಿನ ಊರಿನವರ ಒಂದು ಫೋನ್ ಕರೆ ಜೀವ ಉಳಿಸುತ್ತದೆ. ಇನ್ನು ಗುಡ್ಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದದ್ದು, ಚಹಾ ಅಂಗಡಿ ಮಣ್ಣಲ್ಲಿ ಹೂತುಹೋದದ್ದು ನಾವು ಯಾರೂ ಮರೆತಿಲ್ಲ. ಗುಡ್ಡ ನೆಟ್ಟಗೆ ಕಡಿದ ಕಡೆ ಅಂಗಡಿ, ಪಾರ್ಕಿಂಗ್, ವ್ಯೂ ಪಾಯಿಂಟ್ ಯಾವುದೂ ಬೇಡ.

ಹಂತ 7: ದುಡ್ಡು ಯಾರ ಕೈಗೆ

ಪಾರ್ಕಿಂಗನ್ನು ಹರಾಜು ಹಾಕಬೇಡಿ. ಸುಲಭ ಅನ್ನಿಸುತ್ತದೆ, ವರ್ಷಕ್ಕೊಮ್ಮೆ ಗಂಟು ಬರುತ್ತದೆ. ಆದರೆ ಹರಾಜು ಹಿಡಿದವರಿಗೆ ಕಾರು ಜಾಸ್ತಿ ಬಂದಷ್ಟು ಲಾಭ. ನಿಮ್ಮ ಮಿತಿ ಅವರಿಗೆ ನಷ್ಟ. ಊರಿನ ಸಮಿತಿಯೇ ಚೀಟಿ ಹರಿದರೆ ಮಿತಿ ಕಾಯುವ ಮನಸ್ಸು ಇರುತ್ತದೆ. ನಮ್ಮ ಉದಾಹರಣೆಯ ತೀರದಲ್ಲಿ ತುಂಬಿದ ದಿನಕ್ಕೆ 120 ಕಾರು, ತಲಾ 50 ರೂಪಾಯಿ, 6,000 ರೂಪಾಯಿ. ಅದರಲ್ಲಿ ಜೀವರಕ್ಷಕರ ಮತ್ತು ಸ್ವಚ್ಛತೆಯವರ ಸಂಬಳ ಮೊದಲು. ಆಮೇಲೆ ದುರಸ್ತಿ. ಉಳಿದದ್ದರಲ್ಲಿ ಒಂದು ಪಾಲು ಬಾವಿ, ಕೆರೆಗೆ. ಲೆಕ್ಕವನ್ನು ತಿಂಗಳಿಗೊಮ್ಮೆ ಪಂಚಾಯತಿ ಗೋಡೆಗೆ ಅಂಟಿಸಿ.

ದೊಡ್ಡ ಆದಾಯ ಚೀಟಿಯಿಂದ ಬರುವುದಿಲ್ಲ, ಊಟದಿಂದ ಮತ್ತು ಕೈಯಲ್ಲಿ ಕಟ್ಟಿಕೊಂಡು ಹೋಗುವ ಸಾಮಾನಿನಿಂದ ಬರುತ್ತದೆ. ಗಜನಿಯ ಕಗ್ಗ ಅಕ್ಕಿ, ಸಾಣಿಕಟ್ಟೆಯ ಉಪ್ಪು, ಅಂಕೋಲೆಯ ಕರಿ ಇಶಾಡು ಮಾವು, ಘಟ್ಟದ ಅಪ್ಪೆಮಿಡಿ, ಜೋನಿ ಬೆಲ್ಲ, ತೊಡದೇವು, ಮುರುಗಲ ಹಣ್ಣಿನ ಶರಬತ್ತು. ಇವು ಇಲ್ಲಿಗೆ ಬಂದರೆ ಮಾತ್ರ ಸಿಗುವಂಥವು. ಹೋಂಸ್ಟೇ ನೋಂದಣಿಗೆ ಶಿಫಾರಸು ಕೊಡುವಾಗಲೇ ಒಂದು ಷರತ್ತು ಹಾಕಿ: ಅಕ್ಕಿ, ತರಕಾರಿ, ಮೀನು ಆದಷ್ಟು ಊರಿನಲ್ಲೇ ಕೊಳ್ಳಬೇಕು. ಕಗ್ಗ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ಒಂದು ಕಿಲೋಗೆ ಸರಿಯಾದ ಬೆಲೆ ಸಿಕ್ಕರೆ ಗಜನಿಯ ಕಟ್ಟೆ ಉಳಿಯುತ್ತದೆ, ಕಟ್ಟೆ ಉಳಿದರೆ ಉಪ್ಪುನೀರು ಹಿಂದೆ ನಿಲ್ಲುತ್ತದೆ.

ಸಂಸ್ಕೃತಿ ಬಗ್ಗೆ ಒಂದೇ ಮಾತು. ಇಲ್ಲಿನ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಹೋಳಿಯ ಹೊತ್ತಿನದು, ಅವರ ದೇವರ ಕೆಲಸ. ರೆಸಾರ್ಟಿನ ಊಟದ ಹೊತ್ತಿಗೆ ಕುಣಿಸಲು ಇರುವುದಲ್ಲ. ಯಾವಾಗ, ಎಲ್ಲಿ, ತೋರಿಸಬೇಕೋ ಬೇಡವೋ ಎಂಬುದನ್ನು ಅವರ ಊರಗೌಡರೇ ಹೇಳಲಿ. ಅಜ್ಜಿಯರ ಫೋಟೋ ತೆಗೆಯುವ ಮೊದಲು ಕೇಳಬೇಕು ಎಂದು ಪ್ರತಿ ಗೈಡೂ ಬಂದವರಿಗೆ ಹೇಳಬೇಕು.

ಹಂತ 8: ಯಾವಾಗ ಕರೆಯಬೇಕು, ಯಾವಾಗ ಬೇಡ

ಜೂನ್‌ನಿಂದ ಸೆಪ್ಟೆಂಬರ್ ಸಮುದ್ರಕ್ಕೆ ರಜೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಮೀನಿಗೇ ಬಿಡುವು ಕೊಟ್ಟಾಗ ತೀರಕ್ಕೂ ಕೊಡೋಣ. ಈ ಹೊತ್ತಿನಲ್ಲಿ ದುರಸ್ತಿ, ತರಬೇತಿ, ಕಾಂಡ್ಲಾ ನೆಡುವ ಕೆಲಸ ಮಾಡಬಹುದು.

ಉಳಿದ ತಿಂಗಳಲ್ಲಿ ಜನ ಬರುವುದು ಶನಿವಾರ, ಭಾನುವಾರ, ಕ್ರಿಸ್‌ಮಸ್ ವಾರ, ಶಿವರಾತ್ರಿಗೆ ಗೋಕರ್ಣಕ್ಕೆ, ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆಗೆ. ಮಂಗಳವಾರ ಬುಧವಾರ ಖಾಲಿ. ವಾರದ ನಡುವೆ ಬಂದವರಿಗೆ ಬಾಡಿಗೆ ಕಡಿಮೆ ಮಾಡಿ. ದೊಡ್ಡ ರಜೆಗೆ ಮುಂಗಡ ಬುಕ್ಕಿಂಗ್ ಇಲ್ಲದವರಿಗೆ ಇಲ್ಲ ಎನ್ನಿ. ಕೊಂಕಣ ರೈಲು ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರದಲ್ಲೆಲ್ಲ ನಿಲ್ಲುತ್ತದೆ. ರೈಲಿನಲ್ಲಿ ಬರುವವರನ್ನು ಊರಿನ ರಿಕ್ಷಾ ಕರೆತಂದರೆ ಪಾರ್ಕಿಂಗ್ ಚಿಂತೆ ಕಮ್ಮಿ, ರಿಕ್ಷಾದವರಿಗೂ ಬಾಡಿಗೆ.

ಹಂತ 9: ಅಳೆಯಿರಿ, ಬರೆಯಿರಿ, ಬೇಕಾದರೆ ನಿಲ್ಲಿಸಿ

ಅಮೆರಿಕದ ಅರಣ್ಯ ಸೇವೆಯವರು 1985ರಲ್ಲಿ ಒಂದು ಪದ್ಧತಿ ತಂದರು. ಎಷ್ಟು ಜನ ಎಂದು ಕೇಳುವ ಜೊತೆಗೆ, ಎಷ್ಟು ಬದಲಾವಣೆಯನ್ನು ನಾವು ಒಪ್ಪುತ್ತೇವೆ ಎಂದು ಮೊದಲೇ ಬರೆದಿಡುವುದು. ಇದು ನನಗೆ ತುಂಬಾ ಹಿಡಿಸಿತು. ಯಾಕೆಂದರೆ ಜಗಳ ಬಂದಾಗ ಯಾರ ಮಾತು ಮೇಲು ಎಂಬ ಪ್ರಶ್ನೆ ಏಳುವುದಿಲ್ಲ. ಬರೆದದ್ದು ಇರುತ್ತದೆ.

ಏನು ಅಳೆಯಬೇಕು? ಬಾವಿಯ ನೀರಿನ ಮಟ್ಟ ಮತ್ತು ಉಪ್ಪು. ಆ ಸೀಸನ್ನಿನಲ್ಲಿ ಕಂಡ ಆಮೆ ಗೂಡು. ಸೋಮವಾರ ಬೆಳಿಗ್ಗೆ ತೀರದಲ್ಲಿ ಆರಿಸಿದ ಕಸದ ತೂಕ. ಬಳಚು ಆರಿಸುವ ಒಬ್ಬ ಹೆಂಗಸಿನ ಬುಟ್ಟಿ ತುಂಬಲು ಹಿಡಿದ ಹೊತ್ತು. ಊರಿನವರು ಬಂದು ಹೇಳಿದ ದೂರು. ಇಷ್ಟು ಸಾಕು, ಹೈಸ್ಕೂಲ್ ಮಕ್ಕಳು ತಿಂಗಳಿಗೆ ಒಂದು ದಿನದಲ್ಲಿ ಮಾಡುತ್ತಾರೆ. ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಪೇಟೆಯಲ್ಲಿ ಸಿಗುತ್ತದೆ, ಬೆಲೆಯೂ ದುಬಾರಿಯಲ್ಲ.

ಪ್ರತಿಯೊಂದರ ಮುಂದೆ ಎರಡು ಗೆರೆ ಎಳೆಯಿರಿ. ಮೊದಲ ಗೆರೆ ದಾಟಿದರೆ ಎಚ್ಚರಿಕೆ, ಎರಡನೇ ಗೆರೆ ದಾಟಿದರೆ ಏನು ಮಾಡುತ್ತೇವೆ ಎಂಬ ತೀರ್ಮಾನ. ಉದಾಹರಣೆಗೆ, ಬಾವಿಯ ಉಪ್ಪು ಮೊದಲ ಗೆರೆ ದಾಟಿದರೆ ಹೊಸ ಹಾಸಿಗೆಗೆ ಅನುಮತಿ ಇಲ್ಲ. ಎರಡನೆಯದು ದಾಟಿದರೆ ಮಳೆ ಬರುವವರೆಗೆ ಹಾಸಿಗೆ ಅರ್ಧಕ್ಕೆ ಇಳಿಯುತ್ತದೆ. ಹೋಂಸ್ಟೇ ನಡೆಸುವವರು ಇದಕ್ಕೆ ಮೊದಲೇ ಸಹಿ ಹಾಕಿರಬೇಕು. ನಮ್ಮಲ್ಲಿ ಸಹಿ ಹಾಕಿಸಲು ಎಂಟು ತಿಂಗಳು ಹಿಡಿಯಿತು. ಕೊನೆಗೆ ಹಾಕಿದವರು, ತಮ್ಮ ಬಾವಿಯೂ ಅದೇ ಸಾಲಿನಲ್ಲಿದೆ ಎಂದು ನೋಡಿದ ಮೇಲೆ ಹಾಕಿದರು.

ಈ ರಿಜಿಸ್ಟರನ್ನು ಮೇ ತಿಂಗಳ ಗ್ರಾಮಸಭೆಯಲ್ಲಿ, ಮಳೆಗೆ ಮೊದಲು, ಎಲ್ಲರೆದುರು ಓದಿ. ಮುಂದಿನ ವರ್ಷದ ಮಿತಿಯನ್ನು ಅಲ್ಲೇ ಗೊತ್ತುಮಾಡಿ. ನಮ್ಮ ರಿಜಿಸ್ಟರಿನಲ್ಲಿ ಬಾವಿಯ ಪುಟಕ್ಕೆ ಮೀಟರಿನ ಅಂಕಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ. ಮನೆಮನೆಗೆ ಹೋಗುವ ಮಕ್ಕಳು ಹೆಂಗಸರನ್ನು ಕೇಳಿ ತುಂಬುತ್ತಾರೆ: ಈ ತಿಂಗಳು ಬೇಳೆ ಬೇಯಲು ಎಷ್ಟು ಹೊತ್ತು ಹಿಡಿಯಿತು?